ಕೊಲಂಬೋದಿಂದ ಬಂದ ಫಟಫಟಿ

ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿ, ಮಹಾನವಮಿ ಕಳೆದ ನಾಲ್ಕನೆಯ ದಿನ. ಚಳ್ಳಕೆರೆಯ ಪೇಟೆಬೀದಿಯಲ್ಲಿ ಗಾಡಿಗೆ ಕಟ್ಟಿದ್ದ ಎತ್ತುಗಳೆಲ್ಲ ಒಮ್ಮೆಲೇ ಕಿವಿ ನಿಮಿರಿಸಿ, ಕಣ್ಣಿ ಹರಿದುಕೊಂಡು ದಿಕ್ಕಾಪಾಲಾದವು. ಎಣ್ಣೆ ಅಂಗಡಿಯವನ ಗಡಿಗೆ ಉರುಳಿತು. ಯಾರೋ ಬಾವಿಕಟ್ಟೆ ಹತ್ತಿ ನಿಂತರು. ಧೂಳಿನೊಳಗಿಂದ ಎರಡೇ ಗಾಲಿಯ ಕಬ್ಬಿಣದ ಸೈಕಲ್ಲೊಂದು ಹೊಗೆ ಕಾರುತ್ತ, ಕಿವಿ ಕಿತ್ತುಹೋಗುವಂತೆ ಫಟಫಟಗುಟ್ಟುತ್ತ ಬಂತು. ಅದರ ಮೇಲೆ ಕುಳಿತವನು ಬಿಳಿಯ ದೊರೆಯಲ್ಲ, ನಮ್ಮವನೇ, ಮೊಳಕಾಲ್ಮೂರಿನ ಕಡೆಯ ಬೇಡರ ಹಟ್ಟಿಯ ಪಾಲಣ್ಣ ಎಂದು ಗೊತ್ತಾದಾಗ ಜನ ಮತ್ತಷ್ಟು ಬಾಯಿಬಿಟ್ಟರು.

ಪಾಲಣ್ಣನಿಗೆ ಅದು ಹಿತವಾಗಿತ್ತು. ಆಗಬಾರದೇಕೆ? ಏಳು ವರ್ಷದ ಹಿಂದೆ ದನ ನೋಡಿಕೊಳ್ಳುವ ಆಳಾಗಿ ಟೀ ತೋಟದ ದೊರೆಯೊಬ್ಬನ ಬೆನ್ನು ಹತ್ತಿ ಸಿಂಹಳಕ್ಕೆ ಹೋದವನು ಅವನು. ದನ ಕಾಯುತ್ತ ಕಾಯುತ್ತ ದೊರೆಯ ಮೋಟಾರು ತೊಳೆದ. ತೊಳೆಯುತ್ತ ತೊಳೆಯುತ್ತ ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತ. ಕೊಲಂಬೋದ ಮೋಟಾರು ಕಾರ್ಖಾನೆಯಲ್ಲಿ ಅವನ ಕೈಗೆ ಬಂದ ಎಂಜಿನ್ನು ಮಾತು ಕೇಳುತ್ತದೆ ಎನ್ನುವಷ್ಟು ಹೆಸರಾಯಿತು. ಅಂಥವನು ಊರ ಬಾಗಿಲಿಗೆ ಬರುವಾಗ ಎದೆಯುಬ್ಬಿಸಿ ಬಂದರೆ ಅದೊಂದು ದೊಡ್ಡ ತಪ್ಪೇನಲ್ಲ.

ಆದರೆ ಅವನು ಆ ಗಾಡಿ ಕೊಂಡದ್ದು ಮೆರೆಯುವುದಕ್ಕಲ್ಲ. ಕೊಂಡದ್ದು ತಂಗಿ ಸೂರಮ್ಮನಿಗಾಗಿ.

ಮುಂಗಾರಿನಲ್ಲಿ ಒಂದು ಕಾಗದ ಬಂದಿತ್ತು, ಮೊಳಕಾಲ್ಮೂರಿನ ಶಾಲೆ ಮೇಷ್ಟ್ರ ಕೈಯಲ್ಲಿ ಬರೆಸಿದ್ದು. ಸೂರಮ್ಮ ಮತ್ತೆ ಬಸುರಿ. ಮಹಾನವಮಿ ಹೊತ್ತಿಗೆ ದಿನ ತುಂಬುತ್ತದೆ. ಇದು ಮೂರನೆಯದು. ಮೊದಲ ಎರಡನ್ನೂ ಅವಳು ಹೆತ್ತದ್ದು ಹಟ್ಟಿಯ ಹೊರಗಿನ ಸೂತಕದ ಗುಡಿಸಲಲ್ಲಿ. ಅವರ ಹಟ್ಟಿಯ ಕಟ್ಟಳೆ ಹಾಗೆ: ಹೆರುವ ಹೆಂಗಸು ಬೇಲಿಯಾಚೆ, ಎರಡಾಳು ಮಲಗುವಷ್ಟು ಗುಡಿಸಲಿನಲ್ಲಿ ಹೆರಬೇಕು, ತಿಂಗಳೊಪ್ಪತ್ತು ಅಲ್ಲೇ ಇರಬೇಕು. ಹೆತ್ತ ತಾಯಿಯೂ ಮುಟ್ಟುವಂತಿಲ್ಲ. ಅನ್ನ ತಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಮೊದಲ ಕೂಸು ನಾಲ್ಕನೆಯ ದಿನ ಮಳೆಯಲ್ಲಿ ನೆನೆದು ಸೆಟೆದು ಹೋಯಿತು. ಎರಡನೆಯದು ಒಂಬತ್ತು ದಿನ ಇತ್ತು. 'ಇದೂ ಹೋದರೆ ನಾನೂ ಇರುವುದಿಲ್ಲ ಅಂತ ಬರೆಯಿರಿ' ಎಂದಳಂತೆ ಸೂರಮ್ಮ. ಮೇಷ್ಟ್ರು ಹಾಗೆಯೇ ಬರೆದಿದ್ದರು.

ಕಾಗದವನ್ನು ಪಾಲಣ್ಣ ಹತ್ತಾರು ಸಲ ಓದಿದ. ಚಳ್ಳಕೆರೆಯಲ್ಲಿ ಸರ್ಕಾರದ ಆಸ್ಪತ್ರೆಯುಂಟು, ಹೆರಿಗೆ ಮಾಡಿಸುವ ನರ್ಸಮ್ಮ ಉಂಟು. ಆದರೆ ಹಟ್ಟಿಯಿಂದ ಚಳ್ಳಕೆರೆಗೆ ಎತ್ತಿನ ಗಾಡಿಯಲ್ಲಿ ಒಂದೂವರೆ ದಿನದ ದಾರಿ. ನೋವು ತಿನ್ನುವ ಹೆಂಗಸು ಒಂದೂವರೆ ದಿನ ತಡೆದಾಳೆ? ಆ ವಾರವೇ ಕಾರ್ಖಾನೆಯ ಮೂಲೆಯಲ್ಲಿದ್ದ ಮೋಟಾರ್ ಸೈಕಲ್ಲು ಅವನ ಕಣ್ಣಿಗೆ ಬಿತ್ತು. ಯುದ್ಧಕ್ಕೆ ಹೋದ ಯಾರೋ ಚಿಕ್ಕ ದೊರೆ ಬಿಟ್ಟುಹೋದದ್ದು. ಅವನು ಬರಲಿಲ್ಲ, ಬರುವುದೂ ಇಲ್ಲವೆಂದು ತಂತಿ ಬಂದಿತ್ತು. ಏಳು ವರ್ಷದ ಗಳಿಕೆಯನ್ನೆಲ್ಲ ಸುರಿದು ಪಾಲಣ್ಣ ಅದನ್ನು ಕೊಂಡ. ಗಾಲಿ ತಿರುಗಿಸುವ ಬೆಲ್ಟು ಹೊಸದು ಹಾಕಿದ. ಹಿಂದೆ ಬೆತ್ತದ ಸೀಟು ಕಟ್ಟಿಸಿ, ಅದಕ್ಕೆ ಹತ್ತಿಯ ದಿಂಬು ಹೊಲಿಸಿದ. ಹತ್ತಿಯ ದಿಂಬು ಯಾಕೆ ಎಂದು ಜತೆಯವರು ನಕ್ಕಾಗ ಅವನಿಗೆ ಸಿಟ್ಟು ಬಂದಿತ್ತು.

ಸಮುದ್ರವನ್ನು ಹಡಗಿನಲ್ಲಿ ದಾಟಿ, ಧನುಷ್ಕೋಟಿಯಿಂದ ಮಧುರೆಯವರೆಗೆ ಗೂಡ್ಸಿನಲ್ಲಿ ಗಾಡಿ ತಂದು, ಅಲ್ಲಿಂದ ಪಾಲಣ್ಣ ಹತ್ತಿ ಕುಳಿತ. ದಾರಿ ಸುಖದ್ದೇನಲ್ಲ. ಬೆಲ್ಟು ಎರಡು ಸಲ ಹರಿಯಿತು. ಸೇಲಂ ದಾಟಿದ ಮೇಲೆ ಒಂದು ಹಳ್ಳವನ್ನು ಗಾಡಿ ಹೊತ್ತುಕೊಂಡೇ ದಾಟಬೇಕಾಯಿತು. ಪೆಟ್ರೋಲು ಡಬ್ಬಿಗಾಗಿ ಊರೂರಲ್ಲಿ ಕೈಕಾಲು ಹಿಡಿದದ್ದಾಯಿತು.

ಬೆಂಗಳೂರಿಗೆ ಬಂದಾಗ ಅಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. ಅರ್ಧ ಅಂಗಡಿ ಬಾಗಿಲು ಮುಚ್ಚಿದ್ದವು. ಹೊಸ ಜ್ವರವಂತೆ, ಬೊಂಬಾಯಿ ಕಡೆಯಿಂದ ಬಂದದ್ದಂತೆ. ಪಾಲಣ್ಣ ರಾತ್ರಿ ತಂಗಿದ ಛತ್ರದಲ್ಲಿಯೇ ಮೂವರು ಕೆಮ್ಮುತ್ತ ಮಲಗಿದ್ದರು. ಅವನಿಗೂ ದಣಿವಾಗಿತ್ತು, ಗಾಡಿಯನ್ನು ರೈಲಿಗೆ ಹಾಕಿ ರಾಯದುರ್ಗದವರೆಗೆ ಹೋಗಿ, ಅಲ್ಲಿಂದ ಹಟ್ಟಿಗೆ ಅರ್ಧ ದಿನದಲ್ಲಿ ಸೇರಿಬಿಡಲೇ ಎಂದು ಸ್ಟೇಷನ್ನಿಗೆ ಹೋದ. ಅಲ್ಲಿದ್ದ ಕೂಲಿಯವನು ಬೇಡವೆಂದ.

"ಬಳ್ಳಾರಿ ಸ್ಟೇಷನ್ನಾಗೆ ಡಾಕ್ಟ್ರು ನಿಂತವ್ರೆ. ನಾಲಿಗೆ ನೋಡ್ತಾರೆ, ಮೈ ಮುಟ್ಟಿ ನೋಡ್ತಾರೆ. ಅನುಮಾನ ಬಂದ್ರೆ ಇಳಿಸ್ಕೊಂಡು ಕ್ಯಾಂಪಿಗೆ ಹಾಕ್ತಾರೆ. ಹತ್ತು ದಿನ ಬಿಡಾಕಿಲ್ಲ."

ಹತ್ತು ದಿನ! ಅಷ್ಟರಲ್ಲಿ ಸೂರಮ್ಮನ ಹೆರಿಗೆ ಮುಗಿದು ಮಣ್ಣೂ ಮುಚ್ಚಿರುತ್ತದೆ. ಪಾಲಣ್ಣ ಆ ಕೂಲಿಯವನಿಗೆ ಮನಸಾರೆ ಕೈಮುಗಿದು ಹೊರಬಂದ. ತುಮಕೂರು, ಶಿರಾ, ಹಿರಿಯೂರು ಎಂದು ಹೊಡೆದುಕೊಂಡು, ದಾರಿಯಲ್ಲಿ ಎಲ್ಲಿಯೂ ಮಾತಿಗೆ ನಿಲ್ಲದೆ, ಒಂದೂವರೆ ದಿನಕ್ಕೆ ಚಳ್ಳಕೆರೆ ಮುಟ್ಟಿದ್ದ.

ಆಸ್ಪತ್ರೆಯ ಮುಂದೆ ಎಂಜಿನ್ನು ನಿಲ್ಲಿಸದೆಯೇ ಕೂಗಿದ. ಕಾಂಪೌಂಡರ್ ಮುರುಗೇಂದ್ರಪ್ಪ ಕಿವಿಯ ಮೇಲೆ ಕೈಯಿಟ್ಟುಕೊಂಡು ಜಗುಲಿಗೆ ಬಂದರು. ಡಾಕ್ಟರು ಇಲ್ಲದಾಗ ತಾವೇ ಡಾಕ್ಟರು ಎನ್ನುವ ಗತ್ತಿನ, ಆದರೆ ಒಳ್ಳೆಯ ಮನಸ್ಸಿನ ಮನುಷ್ಯ.

"ನಾಳೆ ನಾಡಿದ್ರಾಗೆ ತಂಗೀನ ಕರ್ಕೊಂಡು ಬರ್ತೀನ್ರಿ, ಹೆರಿಗೆಗೆ!"

"ಇದ್ರ ಮ್ಯಾಲೆ ಕುಂದ್ರಿಸ್ಕೊಂಡಾ? ದಾರ್‍ಯಾಗೇ ಹೆತ್ತುಬಿಟ್ಟಾಳಪ್ಪೋ!" ಎಂದು ಮುರುಗೇಂದ್ರಪ್ಪನವರು ನಕ್ಕರು. "ಕರ್ಕೊಂಡು ಬಾ, ಕ್ವಾಣೆ ಖಾಲಿ ಐತೆ."

ಅಲ್ಲಿಂದ ಮುಂದೆ ಕುದಾಪುರದ ಕಾವಲು. ಸೊಂಟದೆತ್ತರ ಹುಲ್ಲು ಗಾಳಿಗೆ ಒಂದೇ ಕಡೆ ವಾಲುತ್ತಿತ್ತು. ಸೂರಮ್ಮನ ಗಂಡ ಕ್ಯಾತಪ್ಪ ಅಲ್ಲೆಲ್ಲೋ ದೇವರ ಎತ್ತುಗಳನ್ನು ಮೇಯಿಸುತ್ತಿರಬೇಕು. ದೇವರ ಎತ್ತು ಕಾಯುವವನು ಮಡಿಯಾಗಿರಬೇಕು, ಹೆಂಡತಿಯ ಸೂತಕ ಕಳೆಯುವವರೆಗೆ ಹಟ್ಟಿಯ ಕಡೆ ತಲೆಹಾಕುವಂತಿಲ್ಲ. ಪಾಲಣ್ಣನ ಗಂಟಲು ಉರಿಯುತ್ತಿತ್ತು, ನಡು ಮುರಿದಂತಾಗಿತ್ತು. ದಾರಿಯ ಧೂಳು, ಗಾಡಿಯ ಕುಲುಕಾಟ ಎಂದುಕೊಂಡ. ಮಧುರೆಯಿಂದ ಕುಲುಕಿಸಿಕೊಂಡು ಬಂದ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಹಟ್ಟಿಯ ಮುಳ್ಳುಬೇಲಿಯ ಬಾಯಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಸದ್ದಿಗೆ ಹೆದರಿ ಓಡಿದ ಹೆಂಗಸರು ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ಬಂದರು. ಬೇಲಿಗೆ ಅಡ್ಡವಾಗಿ ಕೋಲು ಹಿಡಿದು ನಿಂತವನು ಹಟ್ಟಿಯ ಯಜಮಾನ ಕಾಟಪ್ಪ. ಹತ್ತು ವರ್ಷದ ಹಿಂದೆ ಪ್ಲೇಗು ಬಂದು ಹಟ್ಟಿಯ ಅರ್ಧ ಜನ, ಪಾಲಣ್ಣನ ಅಪ್ಪನೂ ಸೇರಿ, ಸತ್ತಾಗ ಉಳಿದವರನ್ನು ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ ಕಾಪಾಡಿದ ಮುದುಕ. ಅವನ ಕಣ್ಣು ತಪ್ಪಿಸಿ ಹಟ್ಟಿಯೊಳಗೆ ಹೋದವರಿಲ್ಲ.

"ಲೇ ಪಾಲ, ಅಲ್ಲೇ ನಿಂತ್ಕ. ದಾರ್‍ಯಾಗೆ ಎಲ್ಲಾದ್ರೂ ಇಲಿ ಬಿದ್ದಿದ್ವಾ?"

"ಇಲ್ಲ ಯಜಮಾನ್ರೇ."

"ಅಂಗಿ ಬಿಚ್ಚು. ಕೈ ಎತ್ತು."

ಕಾಟಪ್ಪ ಕಂಕುಳು ನೋಡಿದ, ತೊಡೆಸಂದು ಒತ್ತಿ ನೋಡು ಎಂದ. ಗೆಡ್ಡೆ ಇರಲಿಲ್ಲ. ಮೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವನು ಕಂಡಿದ್ದ ರೋಗ ಒಂದೇ. ಅದಕ್ಕೆ ಇಲಿ ಬೀಳುತ್ತಿತ್ತು, ಗೆಡ್ಡೆ ಏಳುತ್ತಿತ್ತು. ಪಾಪ, ಅವನು ತಿಳಿದಷ್ಟನ್ನು ಸರಿಯಾಗಿಯೇ ನೋಡಿದ.

"ರೋಗ ಇಲ್ಲ," ಎಂದ ಕಾಟಪ್ಪ. "ಇನ್ನೊಂದು ಮಾತು. ದೇವರ ಮ್ಯಾಲೆ ಆಣೆ ಮಾಡಿ ಹೇಳು. ಆ ಕಡೆ ಕೋಳಿ ತಿಂದ್ಯೇನಲೇ?"

ಜನ ಗೊಳ್ಳೆಂದು ನಕ್ಕರು. ಆದರೆ ಅದು ನಗುವ ಮಾತಲ್ಲ. ಆ ಹಟ್ಟಿಯವರು ಕುರಿ ತಿಂದಾರು, ಬೇಟೆಯ ಮೊಲ ತಿಂದಾರು, ಕೋಳಿಯನ್ನು ಮಾತ್ರ ಮುಟ್ಟುವುದಿಲ್ಲ. ಕೋಳಿಯ ಗರಿ ಸಹ ಬೇಲಿಯೊಳಗೆ ಬರಕೂಡದು. ಪಾಲಣ್ಣ ಕೊಲಂಬೋದಲ್ಲಿ ವಾರಕ್ಕೆರಡು ದಿನ ಕೋಳಿಸಾರು ತಿಂದಿದ್ದ. ಇಲ್ಲ ಎಂದುಬಿಟ್ಟರೆ ಒಳಗೆ ಹೋಗಬಹುದು, ಅವ್ವನ ಪಕ್ಕದಲ್ಲಿ ಉಣ್ಣಬಹುದು. ಕೇಳಿದ್ದು ದೇವರ ಮೇಲಿನ ಆಣೆ. ಅವನು ತಲೆ ತಗ್ಗಿಸಿ, "ತಿಂದೀನಿ" ಎಂದ.

ಈ ಒಂದು ನಿಜದಿಂದ ಹಟ್ಟಿಯ ಇನ್ನೂರು ಜೀವ ಉಳಿದವು. ಆ ನಿಜಕ್ಕೆ ಬೆಲೆ ತೆತ್ತವಳು ಒಬ್ಬಳೇ.

"ಹಂಗಾದ್ರೆ ಸೋಮವಾರ ಶುದ್ಧಿ ಮಾಡಾಣ," ಎಂದ ಕಾಟಪ್ಪ. "ಏಳು ಹುಲ್ಲಿನ ಗೂಡು ಕಟ್ಟಿ ಬೆಂಕಿ ಹಾಕ್ತೀವಿ, ಹಾದು ಬಂದ್ರೆ ನೀನು ನಮ್ಮೋನು. ಅಲ್ಲೀಗಂಟ ಹೊರಗಿರು. ಸೂರಮ್ಮನೂ ಹೊರಗೇ ಅವ್ಳೆ, ಮೂರು ದಿನ ಆತು ಹೆತ್ತು. ನೀನೂ ಮೈಲಿಗೆ, ಅವ್ಳೂ ಮೈಲಿಗೆ. ಇಬ್ರೂ ಒಂದ್ಕಡೆ ಇರ್ರಿ, ಅವ್ಳಿಗೂ ಜತೆ ಆಗುತ್ತೆ."

ಹೆತ್ತಾಗಿತ್ತು! ಪಾಲಣ್ಣ ಯಜಮಾನನ ಮಾತು ಮುಗಿಯುವುದಕ್ಕೆ ಮುಂಚೆಯೇ ಗುಡಿಸಲಿನತ್ತ ಓಡಿದ. ಹೊರಗಿರು ಎಂದದ್ದು ಶಿಕ್ಷೆಯೆಂದು ಅವನಿಗೆ ಅನ್ನಿಸಲೇ ಇಲ್ಲ. ಬೇರೆ ಯಾವ ಗಂಡಸಿಗೂ, ಯಾವ ಅಣ್ಣನಿಗೂ ಸಿಗದ ಪುಣ್ಯ ಸಿಕ್ಕಿತು ಅನ್ನಿಸಿತು.

ಗುಡಿಸಲಿನ ಬಾಗಿಲಲ್ಲಿ ಸೂರಮ್ಮ ಬಗ್ಗಿ ನಿಂತು ನೋಡುತ್ತಿದ್ದಳು. ಏಳು ವರ್ಷದ ಹಿಂದೆ ಲಂಗ ಉಟ್ಟ ಹುಡುಗಿ. ಈಗ ಕೆನ್ನೆ ಬತ್ತಿ ಕಣ್ಣಷ್ಟೇ ದೊಡ್ಡದಾಗಿದ್ದ ಹೆಂಗಸು. ಅಣ್ಣನನ್ನು ಕಂಡು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

"ಇದೇನಣ್ಣಾ, ದೊರೆಗಳ ಥರ ಟೋಪಿ! ನಾನು ಗುಡುಗು ಅಂದ್ಕೊಂಡೆ."

ಕೂಸು ಗಂಡು. ಗಟ್ಟಿಯಾಗಿತ್ತು. ಪಾಲಣ್ಣ ತನ್ನ ಕಂಬಳಿ ಕೋಟನ್ನು ಅದಕ್ಕೆ ಸುತ್ತಿದ. ಮಾಡಿನ ತೂತುಗಳಿಗೆ ಗಾಡಿಯ ಮೇಲಿನ ಮೇಣದ ಬಟ್ಟೆ ಹೊದಿಸಿದ. ಮೂರು ಕಲ್ಲು ಹೂಡಿ, ಡಬ್ಬಿಯ ಹಾಲು ಹಾಕಿ ಟೀ ಕಾಯಿಸಿದ. ಸೂರಮ್ಮ ಟೀ ಕುಡಿದದ್ದು ಅದೇ ಮೊದಲು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, ಆಮೇಲೆ ಲೋಟ ಪೂರ್ತಿ ಮಾಡಿ ಇನ್ನೊಂದು ಕೇಳಿದಳು.

"ಹ್ವಾದ ಎರಡು ಸಲ ಮಾತಾಡಾಕೆ ಯಾರೂ ಇರ್ಲಿಲ್ಲಣ್ಣ," ಎಂದಳು. "ತಡಿಕೆ ಜತಿಗೇ ಮಾತಾಡ್ತಿದ್ದೆ. ಈ ಸಲ ಉಳೀತೈತೆ ನೋಡು. ನನ್ಗೆ ಧೈರ್ಯ ಬಂದೈತೆ."

ಕಲ್ಲಿನ ಮೇಲೆ ಮುದ್ದೆ ತಂದಿಟ್ಟು ದೂರ ನಿಂತ ಅವ್ವ ಯರ್ರಮ್ಮ ಮಗನನ್ನು ಕಣ್ತುಂಬ ನೋಡಿದಳು. "ನಾಯ್ನಾ, ಸೊರಗಿದ್ಯಲ್ಲೋ" ಎಂದಳು. ಮುಟ್ಟುವಂತಿರಲಿಲ್ಲ. ಮುಟ್ಟಲು ಬಂದಿದ್ದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಹೋದಳು. ಆ ಸಂಜೆ ಪಾಲಣ್ಣನ ಬಾಳಿನಲ್ಲೇ ಸುಖದ ಸಂಜೆ. ಅದು ಒಂದೇ ಇತ್ತು.

ಬೆಳಗಾದಾಗ ಅವನಿಗೆ ಏಳಲಾಗಲಿಲ್ಲ. ಮೈ ಕೆಂಡವಾಗಿತ್ತು. ಕೆಮ್ಮಿದರೆ ಎದೆ ಬಿರಿಯುತ್ತಿತ್ತು. ಆಮೇಲಿನ ನಾಲ್ಕು ದಿನ ಅವನಿಗೆ ಚೂರುಚೂರಾಗಿ ನೆನಪು: ತಂಗಿಯ ಕೈ ತಲೆ ಎತ್ತಿ ನೀರು ಕುಡಿಸಿದ್ದು, ಒದ್ದೆ ಬಟ್ಟೆ ಹಣೆಗೆ ಹಾಕಿದ್ದು, ಅವನು ಕಾರಿಕೊಂಡದ್ದನ್ನು ಬೂದಿ ಹಾಕಿ ಬಾಚಿದ್ದು. ಹೆತ್ತು ವಾರವಾಗದ ಹೆಂಗಸು. "ನೀನು ಮಲಗ್ಕೋ ಸೂರಿ" ಎಂದು ಅವನು ಹೇಳಿದನೋ, ಹೇಳಬೇಕೆಂದುಕೊಂಡನೋ, ಅವನಿಗೇ ಗೊತ್ತಿಲ್ಲ. ದೂರದಿಂದ ಕಾಟಪ್ಪ, "ದಾರಿ ದಣಿವು, ಬೆವರು ಬಂದ್ರೆ ಹೋಗುತ್ತೆ" ಎಂದದ್ದು ಕೇಳಿಸಿತ್ತು.

ಐದನೆಯ ದಿನ ಬೆವರಿಳಿದು ಕಣ್ಣು ಬಿಟ್ಟಾಗ ಕೂಸು ಅಳುತ್ತಿತ್ತು. ಸೂರಮ್ಮ ಅದರ ಪಕ್ಕದಲ್ಲಿ ಮಲಗಿದ್ದಳು, ಏಳಲಿಲ್ಲ. ಮುಟ್ಟಿದರೆ ಸುಡುತ್ತಿದ್ದಳು. ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಪಾಲಣ್ಣ ತೆವಳಿಕೊಂಡೇ ಹೊರಗೆ ಬಂದು ಕೂಗಿದ. "ಅವ್ವಾ! ಕೂಸು ತಗೋ! ನಾನು ಸೂರೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ!"

ಬೇಲಿಯೊಳಗೆ ಜನ ನಿಂತರು, ಯಾರೂ ಹೊರಬರಲಿಲ್ಲ. "ಯರ್ರವ್ವಾ, ಮುಟ್ಟಿದ್ರೆ ನೀನೂ ತಿಂಗಳು ಹೊರಗೇ" ಎಂದ ಕಾಟಪ್ಪ. ಅವ್ವ ಅವನ ಮುಖವನ್ನು ನೋಡಲಿಲ್ಲ. ಬೇಲಿಯ ಮುಳ್ಳಿಗೆ ಸೀರೆ ಸಿಕ್ಕಿ ಹರಿದರೂ ನಿಲ್ಲದೆ ಬಂದು, ಕೋಟಿನ ಸಮೇತ ಕೂಸನ್ನು ಎತ್ತಿಕೊಂಡಳು.

ಹತ್ತಿಯ ದಿಂಬಿನ ಮೇಲೆ ಸೂರಮ್ಮನನ್ನು ಕೂರಿಸಿ, ತನ್ನ ಪಂಚೆಯಿಂದ ಅವಳನ್ನು ತನ್ನ ಬೆನ್ನಿಗೆ ಬಿಗಿದುಕೊಂಡು ಪಾಲಣ್ಣ ಹೊರಟ. ಅವನ ಕೈಕಾಲಲ್ಲಿ ಬಲವಿರಲಿಲ್ಲ. ಗಾಡಿ ತಾನೇ ಓಡಿತು ಅನ್ನಬೇಕು. ಅವಳ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಕುತ್ತಿತ್ತು. ತಾಕುತ್ತಿದೆ, ತಾಕುತ್ತಿದೆ ಎಂದು ದಾರಿಯುದ್ದಕ್ಕೂ ಅದನ್ನೇ ಹಿಡಿದುಕೊಂಡು ಬಂದ. ಕಾವಲಿನ ನಡುವೆ ಒಂದು ಸಲ ಅವಳು, "ಹಾಲು ಕಟ್ಕೊಂಡೈತೆ ಅಣ್ಣಾ, ಕೂಸು ಎಲ್ಲಿ?" ಎಂದಳು. "ಅವ್ವನತ್ರ ಐತೆ" ಎಂದ.

ಎರಡು ತಾಸಿಗೆ ಚಳ್ಳಕೆರೆ. ಗಾಡಿ ಕೊಂಡಾಗ ಅವನು ಹಾಕಿದ್ದ ಲೆಕ್ಕ ಸರಿಯಾಗಿಯೇ ಇತ್ತು.

ಡಾಕ್ಟರು ದುರ್ಗಕ್ಕೆ ಹೋಗಿದ್ದರು. ಮುರುಗೇಂದ್ರಪ್ಪನವರು ಜಗುಲಿಯ ಮೇಲೆಯೇ ಅವಳನ್ನು ಮಲಗಿಸಿಕೊಂಡು, ಎದೆಗೆ ಕಿವಿಯಿಟ್ಟು ಕೇಳಿ, ಒಂದು ಔಷಧ ಕುಡಿಸಿದರು. ಅದು ಕಟವಾಯಿಯಿಂದ ಹೊರಕ್ಕೇ ಹರಿಯಿತು. ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ದೂರ ನಿಂತು ಕೇಳಿದರು.

"ನಿಮ್ಮ ಹಟ್ಟಿನಾಗೆ ಇನ್ನ್ಯಾರಿಗೆ ಬಂದೈತೆ?"

"ಯಾರಿಗೂ ಇಲ್ರಿ. ನನಗೆ ಬಂತು, ಆಮ್ಯಾಲೆ ಅವ್ಳಿಗೆ."

"ಇದು ಬೊಂಬಾಯಿ ಜ್ವರ ಕಣಪ್ಪ. ಪೇಪರ್ನಾಗೆ ಓದೀನಿ, ಕಣ್ಣಾರೆ ನೋಡಿರ್ಲಿಲ್ಲ. ನಮ್ಮ ಚಳ್ಳಕೆರೆಗೇ ಇನ್ನೂ ಬಂದಿಲ್ಲ, ಮೊಳಕಾಲ್ಮೂರಿಗೆ ಹೆಂಗೆ ಬಂತು? ನೀನು ಎಲ್ಲಿಂದ ಬಂದೆ, ಎಷ್ಟು ದಿನಕ್ಕೆ ಬಂದೆ?"

"ಬೆಂಗಳೂರಿಂದ. ಒಂದೂವರೆ ದಿನಕ್ಕೆ," ಎಂದ ಪಾಲಣ್ಣ.

ಮುರುಗೇಂದ್ರಪ್ಪನವರ ಕಣ್ಣು ಒಮ್ಮೆ ಗಾಡಿಯ ಕಡೆ ಹೋಗಿ ಬಂತು. ಎತ್ತಿನ ಗಾಡಿಯಲ್ಲಿ ಬಂದಿದ್ದರೆ ಅವನು ಶಿರಾದ ಹತ್ತಿರವೇ ಎಲ್ಲಿಯೋ ಜ್ವರ ಬಂದು ಬೀಳುತ್ತಿದ್ದ. ರೈಲಿನಲ್ಲಿ ಬಂದಿದ್ದರೆ ಬಳ್ಳಾರಿಯಲ್ಲಿ ಇಳಿಸಿಕೊಳ್ಳುತ್ತಿದ್ದರು. ರೋಗ ಎದ್ದು ಕಾಣುವುದಕ್ಕೆ ಮುಂಚೆಯೇ ಅದನ್ನು ಮನೆ ಬಾಗಿಲಿಗೆ ಮುಟ್ಟಿಸುವಂಥದ್ದು ಆ ಸೀಮೆಯಲ್ಲಿ ಒಂದೇ ಇತ್ತು, ಅದನ್ನು ಅವನು ಏಳು ವರ್ಷ ದುಡಿದು ಕೊಂಡಿದ್ದ.

ಹೊತ್ತು ಮುಳುಗುವ ಮುಂಚೆ ಸೂರಮ್ಮ ಹೋದಳು. ಇಂಥ ಹೆಣವನ್ನು ಊರೂರ ಮೇಲೆ ಒಯ್ಯಬಾರದೆಂದು ಮುರುಗೇಂದ್ರಪ್ಪನವರು ತಡೆದರು. ಆಸ್ಪತ್ರೆಯ ಆಳು ತಿಪ್ಪಯ್ಯ ಗುಂಡಿ ತೋಡಿದ. ಪಾಲಣ್ಣ ಒಬ್ಬನೇ ಅವಳನ್ನು ಎತ್ತಿ ಇಳಿಸಿದ, ಒಬ್ಬನೇ ಮಣ್ಣು ಮುಚ್ಚಿದ. ಜೋರಾಗಿ ಅತ್ತ. ತಿಪ್ಪಯ್ಯ ಬೀಡಿ ಹಚ್ಚಿಕೊಂಡು ಅತ್ತ ತಿರುಗಿ ನಿಂತಿದ್ದ.

ಮಾರನೆಯ ಮಧ್ಯಾಹ್ನ ಹಟ್ಟಿಗೆ ಫಟಫಟಿಯ ಸದ್ದು ಕೇಳಿದಾಗ ಯರ್ರಮ್ಮ ಗುಡಿಸಲಿನ ಮುಂದೆ ಎದ್ದು ನಿಂತಳು. ಗಾಡಿ ಹತ್ತಿರ ಬಂದಂತೆ ಅವಳು ನೋಡಿದ್ದು ಮಗನನ್ನಲ್ಲ, ಅವನ ಬೆನ್ನ ಹಿಂದೆ. ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಕುಸಿದು ಕುಳಿತಳು. ಬೇಲಿಯೊಳಗಿನ ಹೆಂಗಸರು ಅಲ್ಲಿಂದಲೇ ಗೋಳೋ ಎಂದರು. ಕಾಟಪ್ಪ ಕೋಲೂರಿಕೊಂಡು ಬಂದು, ಸೂತಕದ ಗುಡಿಸಲು ಆಕೆಯನ್ನೂ ಬಿಡಲಿಲ್ಲ, ಏನು ಮಾಡುವುದು, ಪಾಲ ತನ್ನ ಕೈಲಾದದ್ದೆಲ್ಲ ಮಾಡಿದ ಎಂದ. ಸೋಮವಾರ ತಪ್ಪಿತು, ಮುಂದಿನ ಸೋಮವಾರ ಶುದ್ಧಿ ಮಾಡಿ ಒಳಗೆ ಕರೆದುಕೊಳ್ಳೋಣ ಎಂದ. ಯಾರೊಬ್ಬರೂ ಪಾಲಣ್ಣನನ್ನು ದೂರಲಿಲ್ಲ.

ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಜನ ಚದುರಿದ ಮೇಲೆ ಅವ್ವನ ಮುಂದೆ ಕುಳಿತು ಎಲ್ಲವನ್ನೂ ಹೇಳಿದ. ಛತ್ರದಲ್ಲಿ ಕೆಮ್ಮುತ್ತಿದ್ದವರು, ಸ್ಟೇಷನ್ನಿನ ಕೂಲಿಯವನು, ಕಾಂಪೌಂಡರ್ ಕೇಳಿದ ಮಾತು.

"ನಾನೇ ತಂದಿದ್ದು ಅವ್ವ. ಗುಡಿಸಲಲ್ಲ, ನಾನು."

ಯರ್ರಮ್ಮ ಬಟ್ಟೆಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹಾಗೆಯೇ ಕೇಳಿದಳು.

"ರೈಲಿಗೆ ಬಂದಿದ್ರೆ?"

"ಬಳ್ಳಾರಿನಾಗೆ ಹಿಡ್ಕೊಂಡು ಕ್ಯಾಂಪಿಗೆ ಹಾಕ್ತಿದ್ರು."

"ಅಲ್ಲಿ ನೀನು ಬದುಕ್ತಿದ್ಯಾ?"

ಪಾಲಣ್ಣ ಸುಳ್ಳು ಹೇಳಲಿಲ್ಲ. "ಸೂರಿ ನೀರು ಕುಡಿಸಿದ್ದಕ್ಕೆ ಬದುಕಿದೆ ಅವ್ವ. ಅಲ್ಲಿ ಯಾರಿದ್ರು?"

"ಸೂರಿ ಇರ್ತಿದ್ಲು."

"ಇರ್ತಿದ್ಲು."

ಹೋಗಲಿ ಬಿಡು, ಹಣೆಬರಹ ಎಂದು ಅವಳು ಹೇಳುತ್ತಾಳೆಂದು ಅವನು ಕಾದ. ಸತ್ತ ಮನೆಯಲ್ಲಿ ಎಲ್ಲ ತಾಯಂದಿರೂ ಹೇಳುವ ಮಾತು ಅದು. ಅದಕ್ಕಾಗಿ ಅವನು ಆ ಹೊತ್ತಿನಲ್ಲಿ ಪ್ರಾಣವನ್ನೇ ಕೊಡುತ್ತಿದ್ದ. ಯರ್ರಮ್ಮ ಮಗನ ಮುಖ ನೋಡಿದಳು. ಕೂಸು ಬತ್ತಿಯನ್ನು ಚೀಪುವುದು ಬಿಟ್ಟು ಅಳತೊಡಗಿತು. ಎತ್ತಿಕೊಳ್ಳಲು ಪಾಲಣ್ಣ ಕೈ ಚಾಚಿದ.

ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ನೀನು ದೂರ ಕುಂದ್ರು ನಾಯ್ನಾ" ಎಂದಳು.

ಅವನು ಎದ್ದು ಹೋಗಿ ಗಾಡಿಯ ಪಕ್ಕದಲ್ಲಿ ಕುಳಿತ.